ಡಾರತೆವ್ವನ ಹೊಸ್ತಿಲು

ಕಳೆದ ಶನಿವಾರ ಅಂಗಡಿಯಿಂದ ತಂದ ಸಾಮಾನನ್ನು ಗರಾಜಿನಲ್ಲಿ ಇಳಿಸುವಾಗ ಅರಿಸಿನದ ಪೊಟ್ಟಣವೊಂದು ಹರಿಯಿತು. ಹೊರಗೆ ಮಳೆ. ಕಾರಿನಿಂದ ಇಳಿದ ನೀರು ಸಿಮೆಂಟಿನ ಮೇಲೆ ಇನ್ನೂ ಹರಡುತ್ತಿತ್ತು. ಅರಿಸಿನ ಅದರ ಮೇಲೆ ಬಿತ್ತು. ಡಬ್ಬಿಯಲ್ಲಿರುವ ಅರಿಸಿನದ ವಾಸನೆ ಬೇರೆ, ಒಗ್ಗರಣೆಗೆ ಬಿದ್ದ ಅರಿಸಿನದ ವಾಸನೆ ಬೇರೆ. ನೆನೆದ ನೆಲಕ್ಕೆ ಬಿದ್ದ ಅರಿಸಿನಕ್ಕೆ ಇನ್ನೊಂದು ವಾಸನೆ ಇದೆ. ಹಬ್ಬದ ಬೆಳಿಗ್ಗೆ ತೊಳೆದ ಬಾಗಿಲಿನದು. ನಿಮಗೂ ಅದು ಗೊತ್ತಿರುತ್ತದೆ. ನಾನು ಒಳಗೆ ಹೋಗಿ ಪೊರಕೆ ತರಬೇಕಿತ್ತು. ತರಲಿಲ್ಲ. ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲಿ, ಹಳೆಯ ಟವೆಲಿನಲ್ಲಿ ಸುತ್ತಿಟ್ಟ ಕಲ್ಲಿನ ತುಂಡೊಂದಿದೆ. ಹಳದಿ ನೀರು ಮೆಲ್ಲಗೆ ಅದರ ಕಡೆಗೇ ಹೊರಟಿತ್ತು. ಅದನ್ನು ನೋಡುತ್ತ ನಿಂತುಬಿಟ್ಟೆ.

ಆ ಕಲ್ಲಿನ ವಿಷಯ ಹೇಳಬೇಕಾದರೆ ನಿಮ್ಮನ್ನು ರಾಬಿನ್ಸ್‌ವಿಲ್ ಎಂಬ ಪೇಟೆ ದಾಟಿ ಸ್ವಲ್ಪ ದೂರ ಕರೆದುಕೊಂಡು ಹೋಗಬೇಕು. ಅಲ್ಲಿ ಒಂದು ಊರಿತ್ತು. ಅದರ ಹೆಸರು ಬರೆದು ಪ್ರಯೋಜನವಿಲ್ಲ. ಫೋನಿಗೆ ಆ ಹೆಸರು ಹೇಳಿದರೆ ಅದು ನಿಮ್ಮನ್ನು ಟ್ರಕ್ಕುಗಳು ಸಾಲುಗಟ್ಟಿದ ಒಂದು ರಸ್ತೆಗೆ ತಂದು, ನೀವು ತಲುಪಿದ್ದೀರಿ ಎನ್ನುತ್ತದೆ. ನಾನು ಮೊದಲ ಸಲ ಹೋದಾಗಲೇ ಊರು ಮುಕ್ಕಾಲು ಪಾಲು ಹೋಗಿತ್ತು. ಆಲೂಗಡ್ಡೆ ಬೆಳೆಯುತ್ತಿದ್ದ ಹೊಲಗಳಲ್ಲಿ ವೇರ್‌ಹೌಸುಗಳು ಎದ್ದಿದ್ದವು. ಉಳಿದದ್ದು ಕೆಲವು ಮನೆ, ಬಿಳಿ ಬಣ್ಣದ ಒಂದು ಮರದ ಚರ್ಚು, ಅದರ ಹಿಂದೆ ಸಮಾಧಿಗಳು. ಆ ಚರ್ಚಿನ ನೆಲಮಾಳಿಗೆಯನ್ನು ನಮ್ಮ ಕನ್ನಡ ಕೂಟ ಭಾನುವಾರ ಮಧ್ಯಾಹ್ನಗಳಿಗೆ ಬಾಡಿಗೆಗೆ ಹಿಡಿದಿತ್ತು. ಅಲ್ಲಿ ನಾನು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಕಲಿಸುತ್ತಿದ್ದೆ ಎಂಬುದು ನನ್ನ ಕಡೆಯ ಹೇಳಿಕೆ. ಹಸುವಿನ ಚಿತ್ರ ತೋರಿಸಿ "ಇದು ಏನು?" ಎಂದು ಕೇಳಿದರೆ ನನ್ನ ಮಗಳು ಇಳಾ ಸೇರಿದಂತೆ ಎಲ್ಲರೂ "ಇಟ್ಸ್ ಅ ಕೌ" ಎನ್ನುತ್ತಿದ್ದರು. ಪ್ರಶ್ನೆಯಾದರೂ ಅರ್ಥವಾಯಿತಲ್ಲ ಎಂದುಕೊಂಡು ನಾನು ಮುಂದಿನ ಚಿತ್ರಕ್ಕೆ ಹೋಗುತ್ತಿದ್ದೆ.

ಕನ್ನಡದಲ್ಲೇ ಉತ್ತರ ಕೊಡುತ್ತಿದ್ದ ಏಕೈಕ ವಿದ್ಯಾರ್ಥಿನಿ ಡಾರತಿ. ಚರ್ಚಿನ ಬೀಗದ ಕೈ ಅವರ ಹತ್ತಿರ ಇರುತ್ತಿತ್ತು. ನಿವೃತ್ತ ಶಾಲಾ ಶಿಕ್ಷಕಿ, ಒಂಟಿ ಹೆಂಗಸು, ಎಂಬತ್ತು ದಾಟಿದವರು. ಹಿಂದಿನ ಸಮಾಧಿಗಳಲ್ಲಿ ಅರ್ಧ ಅವರ ಮನೆತನದವು, ಗಂಡನದೂ ಅಲ್ಲೇ. ತರಗತಿ ಮುಗಿದು ನಾವು ಹೊರಡುವ ತನಕ ಕಾಯಬೇಕಾಗಿದ್ದರಿಂದ ಹೀಟರ್ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ಸುಮ್ಮನೆ ಕೂರುವುದು ಅವರಿಂದ ಆಗದು. ಮಕ್ಕಳ ಹಿಂದಿನಿಂದ ಗಂಭೀರವಾದ ಸ್ವರ ಬರುತ್ತಿತ್ತು: "ಇದು ಹಸು." ಮಕ್ಕಳು ಕಿಸಕ್ಕನೆ ನಗುತ್ತಿದ್ದರು. ಡಾರತಿ ನಗುತ್ತಿರಲಿಲ್ಲ. ತಾನು ಸರಿಯಾಗಿ ಹೇಳಿದ್ದೇನೆ ಎಂಬುದು ಅವರಿಗೆ ಗೊತ್ತಿತ್ತು.

ಆ ವರ್ಷ ನನ್ನ ಅತ್ತೆ ಆರು ತಿಂಗಳಿಗೆಂದು ಬಂದಿದ್ದರು. ನಾನು ಮೈಸೂರಿನವಳು, ಅತ್ತೆ ಬಾಗಲಕೋಟೆಯ ಕಡೆಯವರು. ಅವರ ಮಾತು ನನಗೆ ಪೂರ್ತಿ ಅರ್ಥವಾಗಲು ಮದುವೆಯಾದ ಮೇಲೆ ಬಹಳ ಕಾಲ ಹಿಡಿದಿತ್ತು. ಅರ್ಥವಾದ ಮೇಲೆ, ಮೊದಲೇ ಚೆನ್ನಾಗಿತ್ತಲ್ಲ ಎಂದು ಒಮ್ಮೊಮ್ಮೆ ಅನ್ನಿಸಿದ್ದೂ ಉಂಟು. ರಾಜ್ಯೋತ್ಸವದ ದಿನ ನೆಲಮಾಳಿಗೆಯಲ್ಲಿ ಕುರ್ಚಿ ಜೋಡಿಸಲು ಬೇಗ ಹೋಗಬೇಕಿತ್ತು. ಅತ್ತೆಯೂ ಬಂದರು. ಡಾರತಿ ಇನ್ನೂ ಬೀಗದ ಕೈ ತಂದಿರಲಿಲ್ಲ. ಸಣ್ಣಗೆ ಮಳೆ ಹನಿಯುತ್ತಿತ್ತು. ಬಾಗಿಲ ಮುಂದೆ ನಿಂತ ಅತ್ತೆಯ ಕಣ್ಣು ಕೆಳಗೆ ಹೋಯಿತು. ಮರದ ಚರ್ಚಿಗೆ ಹೊಸ್ತಿಲು ಮಾತ್ರ ಕಲ್ಲಿನದು. ಜೋಡಿ ಬಾಗಿಲಿನ ಅಗಲಕ್ಕೂ ಹಾಸಿದ ಬೂದು ಬಣ್ಣದ ಒಂದೇ ಚಪ್ಪಡಿ. ನಡುವೆ ಜನ ತುಳಿದು ತುಳಿದು ತಟ್ಟೆಯಂತೆ ತಗ್ಗಾಗಿತ್ತು.

"ಹಬ್ಬದ ದಿನಾ ಹೊಸ್ತಿಲಾ ಹಿಂಗ ಬೋಳಾಗಿರಬೇಕೇನು?" ಎಂದರು ಅತ್ತೆ.

ನಾನು ತಡೆಯುವಷ್ಟರಲ್ಲಿ ಅವರ ಕೈಚೀಲದಿಂದ ಕುಂಕುಮದ ಭರಣಿ, ಅರಿಸಿನದ ಡಬ್ಬಿ ಹೊರಗೆ ಬಂದಿದ್ದವು. ಇದು ಬೇರೆಯವರ ದೇವಸ್ಥಾನ, ಕೇಳದೆ ಮಾಡಬಾರದು, ಅವರ ದೇವರಿಗೆ ಬೇಜಾರಾದರೆ ಏನು ಮಾಡುವುದು ಎಂದೆಲ್ಲ ನಾನು ಹೇಳಿದೆ. ಅತ್ತೆ ಅಷ್ಟರಲ್ಲಿ ಕುಕ್ಕರಗಾಲಿನಲ್ಲಿ ಕೂತು, ಸೆರಗಿನಿಂದ ಕಲ್ಲು ಒರೆಸಿ, ಅರಿಸಿನ ಸವರುತ್ತಿದ್ದರು.

"ಬಾಗಲಕ್ಕ ಪೂಜಾ ಮಾಡಿದ್ರ ಸಿಟ್ಟಿಗೇಳೂ ದೇವ್ರು ಯಾವ ಊರಾಗ ಅದಾನವಾ?" ಎಂದರು, ತಲೆಯೆತ್ತದೆ.

ಹನಿ ಬಿದ್ದು ಅರಿಸಿನ ಕರಗಿ ಹರಿಯಿತು. ಹರಿದದ್ದು ಹೋಯಿತು, ಕಲ್ಲಿನ ಸಣ್ಣ ಗೀರುಗಳಲ್ಲಿ ಇಳಿದದ್ದು ನಿಂತಿತು. ಡಾರತಿಯ ಕಾರು ಬಂದು ನಿಲ್ಲುವ ಹೊತ್ತಿಗೆ ಚಪ್ಪಡಿಯ ನಾಲ್ಕು ಮೂಲೆಗಳಲ್ಲಿ ನಾಲ್ಕು ಹಳದಿ ಶಿಲುಬೆಗಳಿದ್ದವು. ಒಂದೊಂದೂ ಅಂಗೈಗಿಂತ ಚಿಕ್ಕದು. ನಾನು ಕ್ಷಮೆ ಕೇಳಲು ಶುರುಮಾಡಿದೆ. ನೀರು ಹಾಕಿದರೆ ಹೋಗುತ್ತದೆ ಎಂದೆ. ಡಾರತಿ ನನ್ನ ಮಾತು ಕೇಳಿಸಿಕೊಳ್ಳಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ಕಷ್ಟಪಟ್ಟು ಮಂಡಿಯೂರಿದರು. ಮೂಲೆಗಳನ್ನು ನೋಡಿದರು. ಆಮೇಲೆ ನಡುವಿನ ತಗ್ಗಿನಲ್ಲಿ ಬೆರಳಾಡಿಸಿ, ಏನನ್ನೋ ಹುಡುಕಿ, ಬೆರಳನ್ನು ಅಲ್ಲೇ ಇಟ್ಟುಕೊಂಡರು. ಐದನೆಯ ಶಿಲುಬೆ ಅಲ್ಲಿತ್ತು. ಕಣ್ಣಿಗೆ ಕಾಣುತ್ತಿರಲಿಲ್ಲ.

ಅವರು ಹುಟ್ಟಿದಂದಿನಿಂದ ಆ ಕಲ್ಲನ್ನು ತುಳಿದು ಒಳಗೆ ಹೋದವರು. ಅದು "ಹಳೆಯ ಚರ್ಚಿನ ಕಲ್ಲು" ಎಂದು ಅಜ್ಜನಿಂದ ಕೇಳಿದ್ದರು, ಅಷ್ಟೆ. ಆ ಚರ್ಚಿನ ಕಥೆಯನ್ನು ಅವರು ನಮಗೆ ಹೇಳಿದ್ದು ಆ ಸಂಜೆ, ಕಾರ್ಯಕ್ರಮ ಮುಗಿದ ಮೇಲೆ, ಬಿಸಿಬೇಳೆಬಾತಿನ ತಟ್ಟೆ ಕೈಯಲ್ಲಿ ಹಿಡಿದುಕೊಂಡು. ನಾನು ಅತ್ತೆಗೆ ಅನುವಾದ ಮಾಡುತ್ತಿದ್ದೆ.

ಇಂಗ್ಲೆಂಡಿನ ಪೂರ್ವಕ್ಕೆ, ತಗ್ಗು ಬಯಲಿನಲ್ಲಿ, ಅವರ ಪೂರ್ವಿಕರ ಊರಿತ್ತಂತೆ. ಎಷ್ಟೋ ಶತಮಾನಗಳ ಹಿಂದಿನ ಮಾತು. ಒಂದು ಬೀದಿ, ಕೊಳ, ಸುತ್ತ ಹೊಲ, ನಡುವೆ ಕಲ್ಲಿನ ಚರ್ಚು. ಉಣ್ಣೆಗೆ ಬೆಲೆ ಬಂದ ಕಾಲದಲ್ಲಿ ಜಮೀನಿನ ಒಡೆಯನಿಗೆ ಜನರಿಗಿಂತ ಕುರಿ ಲಾಭವೆಂದು ಕಂಡಿತು. ಹೊಲಗಳಿಗೆ ಬೇಲಿ ಬಿತ್ತು. ಮನೆಗಳು ಒಂದೊಂದೇ ಖಾಲಿಯಾದವು. ಯುದ್ಧವಿಲ್ಲ, ಬೆಂಕಿಯಿಲ್ಲ, ಊರು ಹೋದ ಸದ್ದೇ ಯಾರಿಗೂ ಕೇಳಲಿಲ್ಲ ಎಂದರು ಡಾರತಿ. ಚರ್ಚು ಮಾತ್ರ ಕುರಿಗಳ ನಡುವೆ ಉಳಿಯಿತು. ಅಕ್ಕಪಕ್ಕದ ಊರಿನವರು ಭಾನುವಾರ ಬರುತ್ತಿದ್ದರು. ಆಮೇಲೆ ಅವರೂ ಬಿಟ್ಟರು. ಮಾಡಿನ ಸೀಸದ ತಗಡನ್ನು ಯಾರೋ ಕಿತ್ತರು. ಮಳೆ ಒಳಗೆ ಬಂತು. ಡಾರತಿಯ ಮುತ್ತಜ್ಜ ಇಲ್ಲಿ ಆಲೂಗಡ್ಡೆ ಬೆಳೆದು ನಾಲ್ಕು ಕಾಸು ಕಂಡ ಮೇಲೆ, ಹಿರಿಯರ ಊರು ನೋಡಬೇಕೆಂದು ಹಡಗು ಹತ್ತಿ ಹೋದನಂತೆ. ನೋಡಲು ಇದ್ದದ್ದು ಮೂರು ಗೋಡೆ. ಹುಲ್ಲಿನ ಕೆಳಗೆ ಬೀದಿಯ ಗೆರೆ. ಹೊಲದ ರೈತನನ್ನು ಕೇಳಿ ಬಾಗಿಲ ಕಲ್ಲೊಂದನ್ನು ಎತ್ತಿಸಿಕೊಂಡು ಬಂದ. ಹೊಸ ಚರ್ಚು ಕಟ್ಟುವಾಗ ಅದನ್ನೇ ಹೊಸ್ತಿಲಿಗೆ ಹಾಸಿದ.

ಅದು ಮೊದಲಿನಿಂದ ಹೊಸ್ತಿಲಲ್ಲ ಎಂದು ತಿಳಿದದ್ದು ಕೆಲವು ವಾರಗಳ ನಂತರ. ಪಕ್ಕದ ಊರಿನ ಕ್ಯಾಥೊಲಿಕ್ ಚರ್ಚಿನ ನಿವೃತ್ತ ಪಾದ್ರಿಯೊಬ್ಬರನ್ನು ಡಾರತಿ ಕರೆಸಿದರು. ಅವರು ಕಲ್ಲು ನೋಡಿ ಟೋಪಿ ತೆಗೆದರು. ಐದು ಶಿಲುಬೆ, ಕ್ರಿಸ್ತನ ಐದು ಗಾಯಗಳ ಗುರುತು. ಇದು ಪೂಜೆಯ ಪೀಠದ ಮೇಲಿನ ಕಲ್ಲು. ಇಂಗ್ಲೆಂಡ್ ಕ್ಯಾಥೊಲಿಕ್ ಮತ ಬಿಟ್ಟು ಹೊಸ ಮತ ಹಿಡಿದ ಕಾಲದಲ್ಲಿ ಹಳೆಯ ಪೀಠಗಳನ್ನು ಕೀಳಿಸಿ, ಬರುವವರು ಹೋಗುವವರು ತುಳಿಯಲಿ ಎಂದೇ ಬಾಗಿಲಿಗೆ ಹಾಸಿದ್ದುಂಟು ಎಂದರು. ಮುತ್ತಜ್ಜನಿಗೆ ಇದು ಗೊತ್ತಿರಲಿಲ್ಲ. ಪ್ರೀತಿಯಿಂದ ತಂದು ಅವನೂ ಬಾಗಿಲಿಗೇ ಹಾಸಿದ.

ಅಂದಿನಿಂದ ಆ ಬಾಗಿಲಲ್ಲಿ ಯಾರೂ ಕಲ್ಲು ತುಳಿಯಲಿಲ್ಲ. ಅತ್ತೆ ಮೆಟ್ಟಿಲ ಬಳಿ ನಿಂತು ನಮ್ಮ ಮಕ್ಕಳಿಗೆ "ತುಳೀಬ್ಯಾಡ್ರಿ, ದಾಟ್ರಿ" ಎಂದು ಹೇಳಿಕೊಟ್ಟರು, ಬಲಗಾಲು ಮೊದಲು. ಚರ್ಚಿನ ವೃದ್ಧ ಭಕ್ತರು ಬೆಳಿಗ್ಗೆ ದಾಟಿದರು, ನಮ್ಮ ಮಕ್ಕಳು ಮಧ್ಯಾಹ್ನ ದಾಟಿದರು. ಚಳಿಗಾಲದಲ್ಲಿ ಮಂಜು ಕರಗಿಸಲು ಎಲ್ಲರೂ ಧಾರಾಳವಾಗಿ ಎರಚುತ್ತಿದ್ದ ಉಪ್ಪನ್ನು ಡಾರತಿ ನಿಲ್ಲಿಸಿದರು. ಆ ಹೊತ್ತಿಗೆ ಅವರು ವಾಕರ್ ಹಿಡಿದು ನಡೆಯುತ್ತಿದ್ದರು. ಕಾಲು ಅಷ್ಟು ಎತ್ತಲಾಗದು. ವಾಕರಿನ ಚಕ್ರ ಆ ಕಲ್ಲಿನ ಮೇಲೆ ಹೋಗಬಾರದೆಂದು ಹಿಮದಲ್ಲಿ ಕಟ್ಟಡವನ್ನು ಸುತ್ತಿಕೊಂಡು, ಅಡುಗೆಮನೆಯ ಬಾಗಿಲಿನಿಂದ ಬರುತ್ತಿದ್ದರು.

ಅತ್ತೆ ಅವರನ್ನು ಡಾರತೆವ್ವ ಎಂದು ಕರೆಯುತ್ತಿದ್ದರು. ಇಬ್ಬರಿಗೂ ಸಮಾನವಾದ ಭಾಷೆ ಇರಲಿಲ್ಲ. ಆದರೆ ಅತ್ತೆಯ ಊರೂ ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದ್ದು. ನೀರು ಬರುವ ಮುಂಚೆ ಅಲ್ಲಿನವರು ಮನೆ ಬಿಚ್ಚಿ ತೊಲೆ, ಬಾಗಿಲು, ಕಂಬಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದರು. ಅತ್ತೆ ಹೊಸ್ತಿಲು ಬಿಟ್ಟು ಬರಲು ಒಪ್ಪಲಿಲ್ಲ. ಇದನ್ನು ನಾನು ಅನುವಾದಿಸಿದಾಗ ಡಾರತಿ ಅತ್ತೆಯ ಕೈ ಹಿಡಿದುಕೊಂಡು, ತನ್ನ ಕನ್ನಡವನ್ನೆಲ್ಲ ಒಟ್ಟುಗೂಡಿಸಿ, "ಹೊಸ್ತಿಲು. ನಾನೂ" ಎಂದರು.

ಮರುವರ್ಷ ಚರ್ಚು ಮುಚ್ಚುವುದೆಂದಾಯಿತು. ಭಕ್ತರು ಬೆರಳೆಣಿಕೆಯಷ್ಟು ಉಳಿದಿದ್ದರು, ಮಾಡು ಸೋರುತ್ತಿತ್ತು. ಸುತ್ತಲ ಜಮೀನೆಲ್ಲ ವೇರ್‌ಹೌಸಿನವರದಾಗಿತ್ತು. ಅವರು ಕೇಳಲು ಬಂದಿದ್ದರೂ ಡಾರತಿ ಮೊದಲು ನಮ್ಮ ಬಳಿ ಬಂದರು. ಕೂಟ ತೆಗೆದುಕೊಳ್ಳುವುದಾದರೆ ಕಟ್ಟಡ ಉಳಿಯುತ್ತದೆ, ಬಾಗಿಲು ಉಳಿಯುತ್ತದೆ, ಬೆಲೆಯಲ್ಲಿ ಚರ್ಚಿನವರು ಬಿಟ್ಟುಕೊಡುತ್ತಾರೆ ಎಂದರು. ಕೂಟಕ್ಕೆ ಶಕ್ತಿ ಇತ್ತು. ಸ್ವಂತ ಜಾಗಕ್ಕಾಗಿ ಬಹಳ ವರ್ಷಗಳಿಂದ ಕೂಡಿಸಿಟ್ಟಿದ್ದೆವು. ಅದೇ ನೆಲಮಾಳಿಗೆಯಲ್ಲಿ ಸಭೆ ಸೇರಿತು. ಅತ್ತೆ ಆಗ ಎರಡನೆಯ ಸಲ ಬಂದಿದ್ದರು. ಹಿಂದಿನ ಸಾಲಿನಲ್ಲಿ ಹೂ ಕಟ್ಟುತ್ತ ಕೂತಿದ್ದರು.

ಬಾಗಿಲು ದಕ್ಷಿಣಕ್ಕಿದೆ ಎಂದು ಒಬ್ಬರು ಹೇಳಿದರು. ಪಾರ್ಕಿಂಗ್ ಸಾಲದು ಎಂದು ಇನ್ನೊಬ್ಬರು. ಅವೆಲ್ಲ ಸುತ್ತುಬಳಸು. ಕೊನೆಗೆ ಅಧ್ಯಕ್ಷ ಶ್ರೀಕಂಠ ಅವರು ವಿಷಯಕ್ಕೆ ಬಂದರು. ಒಳ್ಳೆಯ ಮನುಷ್ಯ, ಕೂಟಕ್ಕಾಗಿ ದುಡಿದವರು.

"ನೋಡಿ, ಸೆಂಟಿಮೆಂಟ್ ಬೇರೆ, ಪ್ರಾಕ್ಟಿಕಲ್ ಬೇರೆ," ಎಂದರು. "ಹಿಂದ್ಗಡೆ ಗ್ರೇವ್‌ಯಾರ್ಡ್ ಇಟ್ಕೊಂಡು ಗಣಪತಿ ಕೂರಿಸೋಕಾಗತ್ತಾ?"

"ಇಷ್ಟು ವರ್ಷ ಕೂರಿಸ್ತಾ ಬಂದಿಲ್ವಾ ಅಂಕಲ್?" ಎಂದಳು ಡಾಕ್ಟರ್ ಹುಡುಗಿಯೊಬ್ಬಳು.

"ಅದು ರೆಂಟಲ್ಲಿ ಕಣಮ್ಮ."

ಯಾರೂ ನಗಲಿಲ್ಲ. ಬಾಡಿಗೆಯ ಜಾಗದಲ್ಲಿ ಸ್ಮಶಾನವಿದ್ದರೆ ಅದು ಅವರ ಸ್ಮಶಾನ, ಕೊಂಡರೆ ನಮ್ಮದು. ಈ ತರ್ಕ ಅಲ್ಲಿದ್ದ ಎಲ್ಲರಿಗೂ ಹೇಳದೆ ಅರ್ಥವಾಯಿತು. ಮಕ್ಕಳು ಆ ಹೊತ್ತಿಗೇ ಹೊರಗೆ ಸಮಾಧಿಗಳ ಹಿಂದೆ ಅಡಗಿಕೊಂಡು ಕಣ್ಣಾಮುಚ್ಚಾಲೆ ಆಡುತ್ತಿದ್ದರು. ಸದ್ದು ಕಿಟಕಿಯಿಂದ ಕೇಳುತ್ತಿತ್ತು. ಅತ್ತೆ ದಾರ ಹಲ್ಲಿನಿಂದ ಕಡಿದು, ನನಗೆ ಮಾತ್ರ ಎಂಬಂತೆ, ಆದರೆ ಎಲ್ಲರಿಗೂ ಕೇಳುವಷ್ಟು ದನಿಯಲ್ಲಿ ಹೇಳಿದರು: "ಸತ್ತವ್ರು ಏನ್ ಮಾಡ್ತಾರ, ಪಾಪ. ಇದ್ದವ್ರದ್ದೇ ತ್ರಾಸು."

ಕೊಳ್ಳೋಣ ಎನ್ನುವವರ ಕೈ ಎತ್ತಿಸಿದರು. ಎತ್ತಿದವರು ನಾವು ಕೆಲವರೇ. ವಿಷಯವನ್ನು ಡಾರತಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಕಾರಣವನ್ನು ಇದ್ದ ಹಾಗೆಯೇ ಹೇಳಿದೆ. ಅವರು ಕಿಟಕಿಯ ಕಡೆ, ಸಮಾಧಿಗಳ ಕಡೆ, ಸ್ವಲ್ಪ ಹೊತ್ತು ನೋಡಿ, "ಅವರು ತುಂಬ ಸದ್ದು ಮಾಡುವವರಲ್ಲ" ಎಂದರು. ಬೇಸರವನ್ನು ತೋರಿಸಿಕೊಳ್ಳಲಿಲ್ಲ. ಕಟ್ಟಡ ಹೋದರೆ ಹೋಗಲಿ, ಆ ಕಲ್ಲನ್ನು ಮೊದಲು ಎತ್ತಿ ಕೊಡಬೇಕು ಎಂದು, ಕೊಂಡ ವೇರ್‌ಹೌಸಿನವರಿಂದ ಮಾತು ತೆಗೆದುಕೊಂಡರು. ಅವರು ಸಂತೋಷವಾಗಿ ಒಪ್ಪಿದರು.

ಕೆಡವುವ ದಿನ ಬೆಳಿಗ್ಗೆ ನಾನು ಡಾರತಿಯನ್ನು ಅವರಿದ್ದ ವೃದ್ಧರ ವಸತಿಯಿಂದ ಕರೆದುಕೊಂಡು ಹೋದೆ. ಅತ್ತೆ ಊರಿಗೆ ಮರಳಿ ಬಹಳ ದಿನಗಳಾಗಿದ್ದವು. ಎತ್ತುವ ಮುಂಚೆ ಕಲ್ಲಿಗೆ ಒಂದಿಷ್ಟು ನೀರು, ಅರಿಸಿನ, ಕುಂಕುಮ ಹಾಕು ಎಂದು ಫೋನಿನಲ್ಲಿ ಹೇಳಿದ್ದರು. ಭರಣಿ ಕೋಟಿನ ಜೇಬಿನಲ್ಲೇ ಇತ್ತು. ಬೇಲಿಯ ಒಳಗೆ ನಮ್ಮನ್ನು ಬಿಡಲಿಲ್ಲ. ಹೆಲ್ಮೆಟ್ ಹಾಕಿದ ಮೇಸ್ತ್ರಿ ತುಂಬ ಸೌಜನ್ಯದಿಂದಲೇ ಬೇಡವೆಂದ. ನಾವು ರಸ್ತೆಯ ಅಂಚಿನಲ್ಲಿ ನಿಂತೆವು. ಡಾರತಿ ವಾಕರಿನ ಸೀಟಿನ ಮೇಲೆ ಕೂತಿದ್ದರು. ಕಲ್ಲಿನ ಸುತ್ತ ಅಗೆದು, ಎರಡು ಕಡೆ ಪಟ್ಟಿ ತೂರಿಸಿ, ಯಂತ್ರಕ್ಕೆ ಬಿಗಿದರು. ಅವಸರ ಮಾಡಲಿಲ್ಲ, ಅದನ್ನು ಹೇಳಲೇಬೇಕು. ಕಲ್ಲು ನೆಲದಿಂದ ಒಂದು ಗೇಣು ಮೇಲೆ ಬಂತು. ಅಡಿಯಲ್ಲಿ ಮರಳು ಕಂಡಿತು. ಆಗ ಸದ್ದಾಯಿತು. ದೊಡ್ಡ ಸದ್ದಲ್ಲ. ಒಣಗಿದ ಜೋಳದ ರೊಟ್ಟಿ ಮುರಿದ ಹಾಗೆ. ನಡುವಿನ ತಗ್ಗಿನಲ್ಲಿ ಕಲ್ಲು ಮುರಿದು, ಎರಡು ಭಾಗವೂ ಪಟ್ಟಿಯಿಂದ ಜಾರಿ, ಬಿದ್ದಲ್ಲಿ ಪದರು ಪದರಾಗಿ ಉದುರಿದವು.

ಮೇಸ್ತ್ರಿ ಬಂದು, ಒಳಗೆಲ್ಲ ಉಪ್ಪು ತಿಂದಿದೆ, ಎಷ್ಟೋ ಚಳಿಗಾಲದ ಉಪ್ಪು, ಯಾರು ಎತ್ತಿದರೂ ಇದೇ ಆಗುತ್ತಿತ್ತು ಎಂದ. ಇರಬಹುದು. ಎತ್ತದೆ ಬಿಟ್ಟಿದ್ದರೆ ಇನ್ನೆಷ್ಟು ಕಾಲ ನಿಲ್ಲುತ್ತಿತ್ತೋ ನನಗೆ ತಿಳಿಯದು. ಒಂದು ಮೂಲೆ ಮಾತ್ರ ಗಟ್ಟಿಯಾಗಿ ಉಳಿದಿತ್ತು. ಅದನ್ನು ಅವನು ಎರಡೂ ಕೈಯಲ್ಲಿ ಹಿಡಿದು ತಂದು ಡಾರತಿಯ ಮಡಿಲಲ್ಲಿಟ್ಟ. ಅವರು ಕಂಬಳಿಯ ಅಂಚಿನಿಂದ ಮಣ್ಣು ಒರೆಸಿದರು. ಚರ್ಚಿನ ಮಾಡು ಕೆಳಗೆ ಬರುವಾಗ ಅವರು ಆ ಕಡೆ ನೋಡುತ್ತಿರಲಿಲ್ಲ.

ಕಾರಿನಲ್ಲಿ ಅದನ್ನು ನನ್ನ ಕೈಗೆ ಕೊಟ್ಟರು. ನನ್ನ ಕೋಣೆಯಲ್ಲಿಟ್ಟರೆ ನಾನು ಹೋದ ಮರುದಿನ ಕಸಕ್ಕೆ ಹೋಗುತ್ತದೆ, ನೀನು ಇಟ್ಟುಕೋ ಎಂದರು. "ಒಂದೇ ಮಾತು. ಇನ್ನು ಯಾರೂ ಅದನ್ನು ತುಳಿಯುವುದು ಬೇಡ."

ಸಂಜೆ ಅತ್ತೆಗೆ ಫೋನಿನಲ್ಲಿ ಹೇಳಿದೆ. ಅವರು ಕೇಳಿದರು: "ಕೆಳಗ ಏನಿತ್ತು?" ಹೊಸ್ತಿಲು ಕೂರಿಸುವಾಗ ನಮ್ಮಲ್ಲಿ ಅಡಿಗೆ ನವರತ್ನ, ನವಧಾನ್ಯ ಹಾಕುತ್ತಾರಲ್ಲ, ಅದನ್ನು ಕೇಳಿದ್ದು. ಏನೂ ಇರಲಿಲ್ಲ, ಬರೀ ಮರಳು ಎಂದೆ. "ಬರೇ ಉಸುಕು" ಎಂದು ಅವರು ತಮ್ಮಷ್ಟಕ್ಕೆ ಹೇಳಿಕೊಂಡರು.

ಕಲ್ಲನ್ನು ಎಲ್ಲಿಡಬೇಕೆಂದು ನನಗೆ ತೋಚಲಿಲ್ಲ. ದೇವರ ಮನೆಯಲ್ಲಿಡಲು ಸಂಕೋಚ, ಬೇರೆಯವರ ಪೀಠ. ಷೋಕೇಸಿನಲ್ಲಿಡಲು ನಾಚಿಕೆ. ಸದ್ಯಕ್ಕೆಂದು ಗರಾಜಿನಲ್ಲಿಟ್ಟೆ. ಸದ್ಯಕ್ಕೆಂದು ಗರಾಜಿಗೆ ಹೋದ ವಸ್ತುಗಳ ಗತಿ ನಿಮಗೂ ಗೊತ್ತು. ಅಲ್ಲಿ ವ್ಯಾಯಾಮದ ಸೈಕಲ್ಲೂ ಇದೆ, ಇಡ್ಲಿ ಹಿಟ್ಟು ರುಬ್ಬುವ ಯಂತ್ರವೂ ಇದೆ.

ಹೋದ ಚಳಿಗಾಲದಲ್ಲಿ ಡಾರತಿ ತೀರಿಕೊಂಡರು. ಅವರನ್ನು ಗಂಡನ ಪಕ್ಕದಲ್ಲೇ ಮಣ್ಣು ಮಾಡಿದರು. ಹೌದು, ಅದೇ ಸ್ಮಶಾನದಲ್ಲಿ. ಸಮಾಧಿಗಳನ್ನು ಸುಲಭವಾಗಿ ಕೀಳುವಂತಿಲ್ಲವಂತೆ. ಹಾಗಾಗಿ ವೇರ್‌ಹೌಸಿನವರು ಅದಕ್ಕೊಂದು ಕಬ್ಬಿಣದ ಬೇಲಿ ಹಾಕಿ ಬಿಟ್ಟಿದ್ದಾರೆ. ಇಡೀ ಊರಿನಲ್ಲಿ ಈಗ ಉಳಿದಿರುವುದು ಅದೊಂದೇ, ಯಾವುದು ಬೇಡವೆಂದು ನಾವು ಉಳಿದದ್ದನ್ನೆಲ್ಲ ಬಿಟ್ಟೆವೋ ಅದು. ಮಣ್ಣಿಗೆ ಶ್ರೀಕಂಠ ಅವರೂ ಬಂದಿದ್ದರು. ಹಿಮ ಬೀಳುತ್ತಿತ್ತು, ನನಗೂ ಸೇರಿಸಿ ಕೊಡೆ ಹಿಡಿದಿದ್ದರು. "ಭಯ ಆಗೋ ಅಂಥ ಜಾಗ ಏನಲ್ಲ ಅಲ್ವಾ ಇದು?" ಎಂದರು ಮೆಲ್ಲಗೆ. ಅವರು ಕೇಳಿದ್ದು ನನ್ನನ್ನಲ್ಲ ಎಂದು ಕಂಡಿತು.

ಇಷ್ಟು ಹೊತ್ತು ನಿಮ್ಮನ್ನು ಗರಾಜಿನಲ್ಲಿ ನಿಲ್ಲಿಸಿಕೊಂಡಿದ್ದೇನೆ. ಹಳದಿ ನೀರು ಟವೆಲಿಗೆ ತಾಗಿ ಮೇಲಕ್ಕೆ ಏರುತ್ತಿತ್ತು. ಬಿಚ್ಚಿದೆ. ಮೂಲೆಯಲ್ಲಿ ಶಿಲುಬೆ ಮತ್ತೆ ಅರಿಸಿನ ತುಂಬಿಕೊಂಡು, ಮೊದಲ ದಿನ ಕಂಡ ಹಾಗೆಯೇ ಕಂಡಿತು. ಇಳಾ ಒಳಗಿನಿಂದ ಬಂದು, "ಇಸ್ ದಟ್ ಡಾರತಿ ಆಂಟಿಸ್ ಸ್ಟೋನ್?" ಎಂದಳು. ಹೌದೆಂದೆ. ಅತ್ತೆಗೆ ಫೋನ್ ಮಾಡಿ, ಇಷ್ಟು ದಿನ ಕೇಳದೆ ಇದ್ದದ್ದನ್ನು ಕೇಳಿದೆ: ಇದನ್ನು ಏನು ಮಾಡಲಿ?

ಮುಳುಗಡೆಯಿಂದ ತಂದ ಹೊಸ್ತಿಲು ಹೊಸ ಮನೆಯ ಬಾಗಿಲಿಗೆ ಉದ್ದವಾಗಿತ್ತು ಎಂದು ಅವರು ಆಗ ಹೇಳಿದರು. ಬಡಗಿ ಒಂದು ಗೇಣು ಕೊಯ್ದ. ಕೊಯ್ದ ತುಂಡು ಏನಾಯಿತು ಎಂದೆ.

"ತುಳಸಿ ಬುಡಕ ಇಟ್ಟೇನಿ. ಅಲ್ಲಿ ಯಾರೂ ತುಳ್ಯಂಗಿಲ್ಲ. ನೀರ ಹಾಕೂ ಮುಂದ ದಿನಾ ಕಣ್ಣಿಗೆ ಬೀಳ್ತದ." ಆಮೇಲೆ, "ಡಾರತೆವ್ವನ ಬುಡಕ ಏನ್ ಇಟ್ಟಾರ?" ಎಂದರು.

ಏನೂ ಇಟ್ಟಿರಲಿಲ್ಲ. ಸಮಾಧಿಗೆ ಹೆಸರಿನ ಕಲ್ಲು ಇನ್ನೂ ಬಂದಿಲ್ಲ.

ಮರುದಿನ ಭಾನುವಾರ ಹೋದೆ. ಮಳೆ ನಿಂತಿತ್ತು. ಸಮಾಧಿಗೆ ಬಂದಿದ್ದೇನೆ ಎಂದರೆ ಗೇಟಿನ ಕಾವಲುಗಾರ ಬಿಡುತ್ತಾನೆ. ದಾರಿ ತಪ್ಪದಿರಲೆಂದು ಜೊತೆಗೂ ಬಂದ. ಹುಲ್ಲು ಆಗಲೇ ಎದ್ದಿತ್ತು. ಗಂಡನ ಕಲ್ಲಿಗೂ ಅವರ ಮಣ್ಣಿಗೂ ನಡುವೆ ಸಣ್ಣ ಗುಂಡಿ ತೋಡಿ, ಶಿಲುಬೆ ಮೇಲಿರುವಂತೆ ತುಂಡನ್ನು ಕೂರಿಸಿದೆ. ಕೂರಿಸುವ ಮುಂಚೆ ಅಡಿಗೆ ಒಂದು ಹಿಡಿ ನವಧಾನ್ಯ ಹಾಕಿದೆ. ಅತ್ತೆ ಹೇಳಿರಲಿಲ್ಲ, ಬರೀ ಮಣ್ಣಿನ ಮೇಲಿಡಲು ಕೈ ಬರಲಿಲ್ಲ. ವೇರ್‌ಹೌಸಿನ ಕಡೆ ಟ್ರಕ್ಕೊಂದು ಹಿಂದಕ್ಕೆ ಬರುವ ಬೀಪ್ ಬೀಪ್ ಸದ್ದು ಕೇಳುತ್ತಿತ್ತು.

ಹಿಂದಿರುಗುವಾಗ ಚರ್ಚು ಇದ್ದ ಜಾಗವನ್ನು ದಾಟಿಯೇ ಬರಬೇಕು. ಈಗ ಅಲ್ಲಿ ಡಾಂಬರು, ಟ್ರಕ್ಕು ನಿಲ್ಲಿಸುವ ಗೆರೆಗಳು. ಬಾಗಿಲು ಎಲ್ಲಿತ್ತು ಎಂದು ಗೊತ್ತಾಗುವಂಥ ಗುರುತು ಒಂದೂ ಇಲ್ಲ. ನಾನು ಹುಡುಕುತ್ತಲೂ ಇರಲಿಲ್ಲ. ಕಾರಿನ ಬೀಗದ ಕೈ ಯಾವ ಜೇಬಿನಲ್ಲಿದೆ ಎಂದು ತಡಕುತ್ತಿದ್ದೆ. ಒಂದು ಕಡೆ ಬಲಗಾಲು ತಾನಾಗಿ ಮೇಲೆದ್ದು, ಸಮತಟ್ಟಾದ ಡಾಂಬರಿನ ಮೇಲೆ ಒಂದು ಚಪ್ಪಡಿಯಷ್ಟು ಅಗಲವನ್ನು ದಾಟಿ ಆಚೆಗೆ ಇಳಿಯಿತು. ಕಾವಲುಗಾರ ಎಡವಿದೆನೆಂದುಕೊಂಡು ಕೈ ಚಾಚಿದ. ಏನೂ ಇಲ್ಲ ಎಂದು ಅವನಿಗೆ ಹೇಳಿ, ಎಡಗಾಲನ್ನೂ ಎತ್ತಿ ದಾಟಿದೆ.